ತಗ್ಗಿನ ನಾಡಿನಲ್ಲಿ ಒಬ್ಬ ಪಥಿಕ

ದೇಶ ಸುತ್ತಬೇಕು, ಇಲ್ಲವೆ ಕೋಶ ಓದಬೇಕು ಎಂದು ಹಿರಿಯರು ಹೇಳಿದ ಮಾತು ಇಬ್ಬಗೆಯ ಜನರಿಗೆ ಅನುಕೂಲವಾಗಿ ಪರಿಣಮಿಸಿದೆ. ಕೋಶವನ್ನು ತೆರೆಯಲು ಬೇಸರಪಡುವವರು ದೇಶ ಸುತ್ತುವೆವೆಂದು ಹೊರಡುತ್ತಾರೆ. ದೇಶ ಸುತ್ತಲು ಕೈಯಲ್ಲಿ ಕಾಸಿಲ್ಲದವರು ಕೋಶವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತುಬಿಡುತ್ತಾರೆ. ಸಾಗರದ ಸೀಮೆಯ ತರುಣನೊಬ್ಬನು ಈ ಎರಡು ಪಂಗಡಗಳಿಗೂ ಸೇರಿದವನಲ್ಲ. ಕೋಶವೆಂದರೆ ಗ್ರಂಥಕೋಶವೂ ಹೌದು, ಧನಕೋಶವೂ ಹೌದು. ಅವನಲ್ಲಿ ಎರಡೂ ಲಘುವಾಗಿಯೇ ಇದ್ದುವು. ಆದರೂ ಬೆಂಗಳೂರಿನ ಉದ್ಯೋಗದಿಂದ ಮೂರು ವಾರಗಳ ರಜೆ ಪಡೆದು 2025ರ ಏಪ್ರಿಲ್ ತಿಂಗಳಲ್ಲಿ ಅವನು ನೆದರ್ಲೆಂಡ್ಸ್ ದೇಶಕ್ಕೆ ಪಯಣ ಬೆಳೆಸಿದನು.

ಹಿಂದೆ ಕಾಶಿಗೆ ಹೋಗುವವರು ಗಂಟನ್ನು ತಲೆಯ ಮೇಲೆ ಹೊರುತ್ತಿದ್ದರು. ಈಗಿನ ತರುಣರು ಬೆನ್ನಿನ ಮೇಲೆ ಹೊರುತ್ತಾರೆ. ಉಳಿದುದರಲ್ಲಿ ಹೆಚ್ಚು ಭೇದವಿಲ್ಲ. ಸಿಕ್ಕಲ್ಲಿ ಉಣ್ಣುವುದು, ಛತ್ರದಲ್ಲಿ ಮಲಗುವುದು, ಕಾಲು ನೋಯುವವರೆಗೆ ನಡೆಯುವುದು, ಊರಿಗೆ ಹಿಂದಿರುಗಿದ ಮೇಲೆ ಕಂಡದ್ದಕ್ಕಿಂತ ಸ್ವಲ್ಪ ಹೆಚ್ಚಾಗಿ ಹೇಳುವುದು, ಇವು ಎರಡು ಕಾಲದ ಯಾತ್ರಿಕರಿಗೂ ಸಮಾನವಾದ ಧರ್ಮಗಳು. ಈ ಪಥಿಕನ ಚೀಲದಲ್ಲಿ ಎರಡು ಜೊತೆ ಬಟ್ಟೆ, ಒಂದು ಮಳೆಯಂಗಿ, ಅವಲಕ್ಕಿ, ಅಜ್ಜಿ ಕಟ್ಟಿಕೊಟ್ಟ ಅಪ್ಪೆಮಿಡಿಯ ಉಪ್ಪಿನಕಾಯಿ ಮತ್ತು ಖರ್ಚು ಬರೆಯುವುದಕ್ಕೆ ಒಂದು ಪುಸ್ತಕ ಇದ್ದುವು. ಉಪ್ಪಿನಕಾಯಿಯು ನಾಲ್ಕನೆಯ ದಿನಕ್ಕೆ ಮುಗಿಯಿತು. ಪುಸ್ತಕವು ಕೊನೆಯವರೆಗೂ ಉಳಿಯಿತು.

ಅವನ ಮೊದಲನೆಯ ಆಶ್ಚರ್ಯವು ವಿಮಾನದಿಂದ ಇಳಿಯುವ ಮೊದಲೇ ಆರಂಭವಾಯಿತು. ಆಮ್‌ಸ್ಟರ್‌ಡ್ಯಾಮಿನ ವಿಮಾನನಿಲ್ದಾಣವಾದ ಸ್ಕಿಪೋಲ್ ಒಂದು ಸರೋವರದ ತಳದಲ್ಲಿದೆ. ಅದು ಅಲಂಕಾರದ ಮಾತಲ್ಲ. ಅಲ್ಲಿ ಹಾರ್ಲೆಮ್ ಸರೋವರವೆಂಬ ವಿಶಾಲವಾದ ಜಲರಾಶಿ ಇದ್ದಿತು. ಮೂರು ಉಗಿಯಂತ್ರಗಳನ್ನು ಹೂಡಿ, ಮೂರು ವರ್ಷಕ್ಕೂ ಮಿಕ್ಕಿ ನೀರೆತ್ತಿ, 1852ರಲ್ಲಿ ಅದನ್ನು ಬರಿದು ಮಾಡಿದರು. ಈಗಲೂ ವಿಮಾನಗಳು ಇಳಿಯುವ ನೆಲವು ಸಮುದ್ರಮಟ್ಟಕ್ಕಿಂತ ಸುಮಾರು 3 ಮೀಟರು ಕೆಳಗಿದೆ. ಪಕ್ಕದ ಆಸನದ ವೃದ್ಧರೊಬ್ಬರು ಇದನ್ನು ಹೇಳಿದಾಗ ಪಥಿಕನು ನಕ್ಕನು. ಆದರೆ ಆ ನಗೆಯಲ್ಲಿ ಬೇರೊಂದು ಎಳೆಯೂ ಸೇರಿತ್ತು. ಅವನ ಮನೆತನದ ಅನುಭವವು ಇದಕ್ಕೆ ನೇರವಾಗಿ ವಿಪರೀತವಾದದ್ದು. ಅವರ ಮನೆ ಇದ್ದ ಸ್ಥಳದಲ್ಲಿ ಈಗ ಸರೋವರವಿದೆ. ಆ ಸಂಗತಿ ಮುಂದೆ ಬರುತ್ತದೆ.

ನೆದರ್ಲೆಂಡ್ಸ್ ಎಂದರೆ ತಗ್ಗಿನ ನಾಡುಗಳು ಎಂದೇ ಅರ್ಥ. ಲೋಕದವರು ಹಾಲೆಂಡ್ ಎಂದು ಕರೆಯುವುದು ಆ ದೇಶದ 12 ಪ್ರಾಂತಗಳಲ್ಲಿ ಕೇವಲ ಎರಡರ ಹೆಸರು. ದೇಶದ ನೆಲದಲ್ಲಿ ಕಾಲುಭಾಗಕ್ಕೂ ಸ್ವಲ್ಪ ಹೆಚ್ಚು ಭಾಗವು ಸಮುದ್ರಮಟ್ಟಕ್ಕಿಂತ ಕೆಳಗಿದೆ. ದಕ್ಷಿಣದ ತುದಿಯಲ್ಲಿ ಬೆಲ್ಜಿಯಂ ಮತ್ತು ಜರ್ಮನಿಗಳ ಗಡಿಗಳು ಕೂಡುವಲ್ಲಿ ಒಂದು ದಿಣ್ಣೆಯಿದೆ. 322 ಮೀಟರು ಎತ್ತರದ ಅದನ್ನು ಆ ಜನರು ಗಂಭೀರವಾಗಿ ಬೆಟ್ಟವೆಂದು ಕರೆಯುತ್ತಾರೆ. 1,300 ಮೀಟರಿಗೂ ಮಿಕ್ಕ ಕೊಡಚಾದ್ರಿಯನ್ನು ಬಾಲ್ಯದಿಂದ ಕಂಡವನಿಗೆ ಇದನ್ನು ಕೇಳಿ ನಗು ತಡೆಯಲಾಗಲಿಲ್ಲ. ಆದರೆ ಎತ್ತರದಲ್ಲಿ ಹುಟ್ಟಿದವನು ತಗ್ಗಿನವನನ್ನು ನೋಡಿ ನಗುವುದರಲ್ಲಿ ಪೌರುಷವೇನಿದೆ? ಬೆಟ್ಟವನ್ನು ಅವನು ಮಾಡಲಿಲ್ಲ. ತಗ್ಗನ್ನು ಅವರು ಮಾಡಿದರು.

ಸಮುದ್ರವನ್ನು ಹಿಂದಕ್ಕೆ ಸರಿಸಿ ನೆಲ ಪಡೆದ ಕಥೆ ಕನ್ನಡಿಗರಿಗೆ ಹೊಸದಲ್ಲ. ಪರಶುರಾಮನು ಕೊಡಲಿ ಎಸೆದನು, ಸಮುದ್ರರಾಜನು ಹಿಂಜರಿದನು, ಕರಾವಳಿ ಹುಟ್ಟಿತು. ಆ ದೇಶದವರ ಪರಶುರಾಮನು ಒಬ್ಬ ಬಡಗಿ ಹಾಗೂ ಗಾಳಿಯಂತ್ರಗಳ ಕುಶಲಿ, ಹೆಸರು ಲೇಗ್‌ವಾಟರ್. ಬರಿದು ನೀರು ಎಂದು ಆ ಹೆಸರಿನ ಅರ್ಥ. ಬೇಮ್‌ಸ್ಟರ್ ಎಂಬ ಸರೋವರವನ್ನು ನಲವತ್ತಕ್ಕೂ ಮಿಕ್ಕ ಗಾಳಿಯಂತ್ರಗಳಿಂದ ಬರಿದು ಮಾಡಿ 1612ರಲ್ಲಿ ಹೊಲಗಳಾಗಿ ಹಂಚಿದ ಸಾಹಸದಲ್ಲಿ ಅವನು ಪ್ರಮುಖನು. ಆ ಹೊಲಗಳನ್ನು ಪಥಿಕನು ನೋಡಿದನು. ದಾರಿಗಳು ನೇರ, ಕಾಲುವೆಗಳು ನೇರ, ಮರಗಳ ಸಾಲು ನೇರ. ಹಸುಗಳು ಕೂಡ ಗೆರೆ ಹಾಕಿ ನಿಲ್ಲಿಸಿದಂತೆ ಮೇಯುತ್ತಿದ್ದುವು. ಪರಶುರಾಮನು ಕೊಡಲಿಯನ್ನು ಒಮ್ಮೆ ಎಸೆದು ಮಹೇಂದ್ರಗಿರಿಗೆ ಹೊರಟುಹೋದನು. ಈ ಜನರಿಗೆ ಅಂಥ ಬಿಡುವಿಲ್ಲ. ನೀರೆತ್ತುವುದನ್ನು ನಿಲ್ಲಿಸಿದರೆ ಸರೋವರವು ತನ್ನ ಹಳೆಯ ಮನೆಗೆ ಮೆಲ್ಲನೆ ಹಿಂದಿರುಗುತ್ತದೆ.

ಆ ದೇಶದಲ್ಲಿ ಮನುಷ್ಯರು ಸುಮಾರು 1 ಕೋಟಿ 80 ಲಕ್ಷ. ಬೈಸಿಕಲ್ಲುಗಳು ಅದಕ್ಕಿಂತಲೂ ಹೆಚ್ಚು. ಉಟ್ರೆಕ್ಟಿನ ರೈಲುನಿಲ್ದಾಣದ ಕೆಳಗೆ 12,500 ಬೈಸಿಕಲ್ಲುಗಳು ನಿಲ್ಲುವ ಮೂರು ಅಂತಸ್ತಿನ ಶಾಲೆಯೊಂದಿದೆ. ಅದನ್ನು ನೋಡಿದಾಗ ಪಥಿಕನಿಗೆ ಪುರಾಣದ ಅಕ್ಷೌಹಿಣಿಯ ಲೆಕ್ಕ ನೆನಪಾಯಿತು. ಕೆಂಪು ಬಣ್ಣದ ದಾರಿ ಬೈಸಿಕಲ್ಲಿಗೆ ಮೀಸಲು. ಅದರ ಮೇಲೆ ಕಾಲಿಟ್ಟು ಗೋಪುರಗಳನ್ನು ನೋಡುತ್ತ ನಿಂತ ಪರದೇಶಿಯು ಹಿಂದಿನಿಂದ ಗಂಟೆಯ ಸದ್ದು ಕೇಳುತ್ತಾನೆ. ಎರಡನೆಯ ಸಲ ಆ ಸದ್ದು ಕೇಳಿಸುವಷ್ಟರಲ್ಲಿ ಅವನು ಹಾರಿರಬೇಕು. ಪಥಿಕನು ಮೊದಲ ದಿನ ಏಳು ಸಲ ಹಾರಿದನು. ಎರಡನೆಯ ದಿನ ತಾನೂ ಒಂದು ಬೈಸಿಕಲ್ಲನ್ನು ಬಾಡಿಗೆಗೆ ಪಡೆದನು. ಅದಕ್ಕೆ ಕೈಯಲ್ಲಿ ಹಿಡಿಯುವ ತಡೆ ಇರಲಿಲ್ಲ. ತುಳಿಯುವುದನ್ನು ಹಿಂದಕ್ಕೆ ಒತ್ತಿದರೆ ಚಕ್ರ ನಿಲ್ಲುವ ಕ್ರಮ. ಈ ರಹಸ್ಯವನ್ನು ಅಂಗಡಿಯವನು ಹೇಳಿರಲಿಲ್ಲ. ಕಾಲುವೆಯ ದಂಡೆಯಲ್ಲಿ ಇಳಿಜಾರು ಬಂದಾಗ ಪಥಿಕನ ಬೆರಳುಗಳು ಇಲ್ಲದ ವಸ್ತುವನ್ನು ಹುಡುಕತೊಡಗಿದವು. ಕಾಲುವೆಗೆ ಬೀಳದೆ ಬೇಲಿಗೆ ಬಿದ್ದದ್ದು ಅಜ್ಜಿಯ ಪುಣ್ಯ. ಎಂಬತ್ತು ವಯಸ್ಸಿನವಳಂತೆ ಕಾಣುತ್ತಿದ್ದ ವೃದ್ಧೆಯೊಬ್ಬಳು ತರಕಾರಿಯ ಚೀಲವನ್ನು ಹೇರಿಕೊಂಡು, ಬೆನ್ನನ್ನು ಕಂಬದಂತೆ ನೆಟ್ಟಗಿಟ್ಟುಕೊಂಡು, ಅವನ ಪಕ್ಕದಲ್ಲೇ ಹಾದುಹೋದಳು. ಹೋಗುವಾಗ ಏನೋ ಒಂದು ಮಾತು ಹೇಳಿದಳು. ಅದು ಸಾಂತ್ವನವೋ ಉಪದೇಶವೋ ತಿಳಿಯಲಿಲ್ಲ.

ತಿಳಿಯದಿದ್ದುದಕ್ಕೆ ಆ ಭಾಷೆಯ ಉಚ್ಚಾರಣೆಯೂ ಕಾರಣ. ಸಂಸ್ಕೃತ ಪಾಠಶಾಲೆಗಳಲ್ಲಿ ಜಿಹ್ವಾಮೂಲೀಯವೆಂಬ ಒಂದು ಧ್ವನಿಯನ್ನು ಕಲಿಸುತ್ತಾರೆ. ನಾಲಗೆಯ ಬುಡದಿಂದ ಉಸಿರನ್ನು ಉಜ್ಜಿ ಹೊರಡಿಸತಕ್ಕ ಅದನ್ನು ಸರಿಯಾಗಿ ಹೇಳುವವರು ವಿರಳ. ಆ ಧ್ವನಿಯು ಅಲ್ಲಿ ಹಾಲು ಮಾರುವವನ ಬಾಯಲ್ಲಿಯೂ ತೊಟ್ಟಿಲ ಕೂಸಿನ ಬಾಯಲ್ಲಿಯೂ ಸಲೀಸಾಗಿ ಆಡುತ್ತದೆ. ಇದರ ಒಂದು ಫಲವನ್ನು ಪಥಿಕನು ರೈಲಿನಲ್ಲಿ ಅನುಭವಿಸಿದನು. ನಕ್ಷೆಯಲ್ಲಿ 'ಗೌಡ' ಎಂದು ಓದಬಹುದಾದ ಊರೊಂದಿತ್ತು. ಕನ್ನಡಿಗನಿಗೆ ಇದಕ್ಕಿಂತ ಆಪ್ತವಾದ ಹೆಸರುಂಟೆ? ಆ ಊರು ಎಷ್ಟು ದೂರವೆಂದು ಅವನು ಕೇಳಿದಾಗ ಎದುರಿನ ಮಹಿಳೆಗೆ ಅರ್ಥವಾಗಲಿಲ್ಲ. ಅವನು ಬೆರಳಿಟ್ಟು ತೋರಿಸಿದ ಮೇಲೆ "ಓಹೋ, ಖೌಡಾ!" ಎಂದಳು. ಊರೆಲ್ಲ ಸುತ್ತಿದರೂ ಒಬ್ಬ ಗೌಡನೂ ಕಾಣಲಿಲ್ಲ, ಗಿಣ್ಣು ಕಂಡಿತು. ಇದು ಹಸು ಈದಾಗ ಮಾಡುವ ಗಿಣ್ಣಲ್ಲ, ಹಾಲನ್ನು ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಮಾಗಿಸಿದ ಚೀಸ್. ಬಂಡಿಯ ಚಕ್ರದಂತೆ ದುಂಡಗೆ, ಅರಸಿನದ ಬಣ್ಣದಲ್ಲಿ, ಪೇಟೆಯ ಚೌಕದಲ್ಲಿ ಸಾಲಾಗಿ ಜೋಡಿಸಲ್ಪಟ್ಟಿತ್ತು. ಅದನ್ನು ತೂಗುವುದಕ್ಕೆಂದು 1668ರಲ್ಲಿ ಕಟ್ಟಿದ ಮನೆ ಈಗಲೂ ಅಲ್ಲಿ ನಿಂತಿದೆ.

ಗುರುವಾರ ಬೆಳಿಗ್ಗೆ ಅಲ್ಲಿ ಹಳೆಯ ಕಾಲದ ವ್ಯಾಪಾರವನ್ನು ಆಡಿ ತೋರಿಸುತ್ತಾರೆ. ಮಾರುವವನೂ ಕೊಳ್ಳುವವನೂ ಎದುರುಬದುರು ನಿಂತು, ಬೆಲೆ ಹೇಳುತ್ತ ಒಬ್ಬರ ಅಂಗೈಗೆ ಒಬ್ಬರು ತಟ್ಟುತ್ತಾರೆ. ಕೊನೆಯ ತಟ್ಟು ಬಿದ್ದಾಗ ಬೆಲೆ ಕುದುರಿತೆಂದು ಅರ್ಥ. ಸುತ್ತ ನಿಂತ ಪ್ರವಾಸಿಗಳು ಕೌತುಕದಿಂದ ಚಿತ್ರ ತೆಗೆಯುತ್ತಿದ್ದರು. ದನದ ಜಾತ್ರೆಯಲ್ಲಿ ಟವಲಿನ ಕೆಳಗೆ ಬೆರಳು ಹಿಡಿದು ಬೆಲೆ ಕಟ್ಟುವುದನ್ನು ಕಂಡಿದ್ದ ಪಥಿಕನಿಗೆ ಮಾತ್ರ, ಇವರು ಟವಲನ್ನು ಏಕೆ ಮರೆತರು ಎಂಬುದೊಂದೇ ಆಶ್ಚರ್ಯ. ಮುಚ್ಚಿಡುವುದು ಆ ಜನರ ಸ್ವಭಾವವಲ್ಲ ಎಂಬುದು ಅವನಿಗೆ ಕ್ರಮೇಣ ತಿಳಿಯಿತು.

ಸಂಜೆ ಬೀದಿಯಲ್ಲಿ ನಡೆದರೆ ಮನೆಮನೆಯ ದೊಡ್ಡ ಕಿಟಕಿಗಳಿಗೆ ಪರದೆಯಿಲ್ಲ. ಒಳಗೆ ದೀಪ ಉರಿಯುತ್ತಿರುತ್ತದೆ; ಗೃಹಸ್ಥನು ಓದುತ್ತಿರುತ್ತಾನೆ, ಮಕ್ಕಳು ಆಡುತ್ತಿರುತ್ತಾರೆ. ನೋಡಬಹುದು, ಆದರೆ ಯಾರೂ ನೋಡುವುದಿಲ್ಲ. ನೋಡಿದವನು ಪಥಿಕನೊಬ್ಬನೇ, ಒಳಗಿನ ಬೆಕ್ಕು ಅವನನ್ನು ದಿಟ್ಟಿಸಿ ನಾಚುವಂತೆ ಮಾಡಿತು. ಮಾತಿಗೂ ಅಲ್ಲಿ ಪರದೆಯಿಲ್ಲ. ಬೈಸಿಕಲ್ ಯಾತ್ರಿಕರಿಗೆ ಅಲ್ಪ ಹಣಕ್ಕೆ ಕೊಠಡಿ ಕೊಡುವ ಮನೆಯೊಂದರಲ್ಲಿ ಅವನು ಇಳಿದಾಗ ಮನೆಯೊಡತಿಯು ಮುಗುಳ್ನಗುತ್ತ ಸ್ವಾಗತಿಸಿ, ಅದೇ ಉಸಿರಿನಲ್ಲಿ, "ನಿಮ್ಮ ಪಾದರಕ್ಷೆಗಳು ನಾರುತ್ತಿವೆ, ಹೊರಗೆ ಬಿಡಿ" ಎಂದಳು. ಅವನ ಊರಿನಲ್ಲಿ ಇದೇ ಮಾತನ್ನು ಹೇಳಲು ಮೂರು ಜನ ಸೇರಿ, ಹವೆಯ ವಿಷಯ ಆರಂಭಿಸಿ, ಅರ್ಧ ಘಂಟೆ ಕಳೆಯುತ್ತಿದ್ದರು. ಮೊದಲು ಅವನಿಗೆ ಅವಮಾನವೆನಿಸಿತು; ಮರುದಿನ ಸೌಕರ್ಯವೆನಿಸಿತು. ಅಪ್ರಿಯವಾದ ಸತ್ಯವನ್ನು ಹೇಳಬಾರದೆಂಬ ಧರ್ಮವನ್ನು ಆ ಜನರು ಕೇಳಿದಂತಿಲ್ಲ. ಆದರೆ ಅವಳ ಪ್ರಿಯವಚನವನ್ನು ಸಂದೇಹಪಡಬೇಕಾದ ಅಗತ್ಯವೂ ಇರಲಿಲ್ಲ.

ಆಹಾರದ ವಿಷಯವನ್ನು ಚುರುಕಾಗಿ ಮುಗಿಸುವುದು ಒಳ್ಳೆಯದು, ಏಕೆಂದರೆ ಆ ಜನರೂ ಅದನ್ನು ಹಾಗೆಯೇ ಮುಗಿಸುತ್ತಾರೆ. ಮಧ್ಯಾಹ್ನದ ಊಟವೆಂದರೆ ರೊಟ್ಟಿಯ ಎರಡು ಹೋಳು, ನಡುವೆ ಚೀಸ್. ಬೆಳಿಗ್ಗೆ ಬೆಣ್ಣೆ ಸವರಿದ ರೊಟ್ಟಿಯ ಮೇಲೆ ಚಾಕಲೇಟಿನ ಕಾಳುಗಳನ್ನು ಉದುರಿಸಿಕೊಂಡು, ಮಕ್ಕಳಷ್ಟೇ ಅಲ್ಲ, ದೊಡ್ಡವರೂ ಗಂಭೀರಮುಖದಿಂದ ತಿನ್ನುತ್ತಾರೆ. ಬೀದಿಯಲ್ಲಿ ಹಸಿಯ ಮೀನನ್ನು ಈರುಳ್ಳಿಯೊಡನೆ, ಬಾಲ ಹಿಡಿದು ತಲೆಯೆತ್ತಿ ನುಂಗುವವರನ್ನು ಕಂಡು ಶಾಕಾಹಾರಿಯಾದ ಪಥಿಕನು ಪಕ್ಕದ ಬೀದಿಗೆ ತಿರುಗಿದನು. ಅವನನ್ನು ಬದುಕಿಸಿದ್ದು ಆಲೂಗೆಡ್ಡೆ. ಕರಿದ ಆಲೂಗೆಡ್ಡೆಯ ಲೆಕ್ಕವು ಅವನ ಪುಸ್ತಕದಲ್ಲಿ ಒಂದು ಪುಟಕ್ಕೂ ಮಿಕ್ಕಿದೆ.

ರಾಜನ ಹುಟ್ಟುಹಬ್ಬವು ಏಪ್ರಿಲ್ 27ಕ್ಕೆ. ಆ ವರ್ಷ ಅದು ಭಾನುವಾರ ಬಿದ್ದುದರಿಂದ ಹಿಂದಿನ ದಿನವೇ ಆಚರಿಸಿದರು. ಅರಸು ಮನೆತನದ ಬಣ್ಣ ಕಿತ್ತಳೆ. ದೇಶವೆಲ್ಲ ಕಿತ್ತಳೆಯ ಅಂಗಿ ತೊಟ್ಟಿತು. ಆ ದಿನ ಬೀದಿಯಲ್ಲಿ ಯಾರು ಬೇಕಾದರೂ ಅಂಗಡಿ ಹಾಸಬಹುದು. ಚಿಕ್ಕ ಮಕ್ಕಳು ತಮ್ಮ ಹಳೆಯ ಆಟಿಕೆಗಳನ್ನು ಕಂಬಳಿಯ ಮೇಲೆ ಹರಡಿ ಮಾರುತ್ತಿದ್ದರು. ಆರು ವರ್ಷದ ಬಾಲಕಿಯೊಬ್ಬಳು ಒಂದು ಕಿವಿ ಹರಿದ ಮೊಲವನ್ನು ಒಂದು ಯೂರೋಗೆ ಹೇಳಿದಳು. ಪಥಿಕನು ಅರ್ಧಕ್ಕೆ ಕೇಳಿದನು. ಅವಳು ಮೊಲವನ್ನು ತಬ್ಬಿಕೊಂಡು ತಲೆಯಾಡಿಸಿದಳು. ಒಂದು ಯೂರೋ ಖರ್ಚು ಬರೆಯಲ್ಪಟ್ಟಿತು. ಬಾಲ್ಯದಲ್ಲಿಯೇ ಲೆಕ್ಕ ಕಲಿಯುವ ಜನರು ನೀರಿನೊಡನೆಯೂ ಲೆಕ್ಕದಿಂದಲೇ ಬಾಳುತ್ತಿರುವರೆಂದು ಆ ರಾತ್ರಿ ಅವನಿಗೆ ಅರಿವಾಯಿತು.

ಅದು ಹೀಗೆ. ಮನೆಯೊಡತಿಯ ಮೇಜಿನ ಮೇಲೆ ತೆರಿಗೆಯ ಕಾಗದವೊಂದಿತ್ತು. ಏನೆಂದು ಕೇಳಲು ನೀರಿನ ತೆರಿಗೆ ಎಂದಳು. ನಲ್ಲಿಯ ನೀರಿನದೇ ಎಂದರೆ ಅಲ್ಲ, ಅದು ಬೇರೆ. ಇದು ನೀರು ಬರಲೆಂದು ಕೊಡುವ ತೆರಿಗೆಯಲ್ಲ. ಬಾರದಿರಲೆಂದು ಕೊಡುವ ತೆರಿಗೆ! ಏರಿಗಳನ್ನೂ ಕಾಲುವೆಗಳನ್ನೂ ಕಾಯುವುದಕ್ಕೆ ಆ ದೇಶದಲ್ಲಿ 21 ಜಲಮಂಡಲಿಗಳಿವೆ. ಕೆಲವಕ್ಕೆ 13ನೆಯ ಶತಮಾನದಷ್ಟು ಹಿಂದಿನ ಮೂಲವಿದೆ. ಎಂದರೆ ರಾಜ್ಯಕ್ಕಿಂತ ಮಂಡಲಿಯೇ ಹಳೆಯದು. ಅವುಗಳಿಗೆ ನಾಲ್ಕು ವರ್ಷಕ್ಕೊಮ್ಮೆ ಚುನಾವಣೆ ನಡೆಯುತ್ತದೆ. ಹಿಂದಿನ ಕಾಲದಲ್ಲಿ ಕೆಲವು ಸೀಮೆಗಳಲ್ಲಿ, ತನ್ನ ಪಾಲಿನ ಏರಿಯನ್ನು ದುರಸ್ತಿಯಲ್ಲಿಡಲಾರದ ರೈತನು ಅದರ ಮೇಲೆ ಒಂದು ಸಲಿಕೆಯನ್ನು ನೆಟ್ಟು ಊರು ಬಿಡಬೇಕಾಗಿತ್ತಂತೆ. ಆ ಸಲಿಕೆಯನ್ನು ಕಿತ್ತವನಿಗೆ ಹೊಲವೂ ಏರಿಯ ಭಾರವೂ ಒಟ್ಟಿಗೆ ಸೇರುತ್ತಿದ್ದುವು. ಇದು ಕಠೋರವಾದ ನಿಯಮವೆಂದು ಪಥಿಕನು ಹೇಳಿದನು. ಅವಳು, "ನೀರು ಇನ್ನೂ ಕಠೋರವಾದದ್ದು" ಎಂದಳು. 1953ರ ಫೆಬ್ರವರಿ 1ರ ನಸುಕಿನಲ್ಲಿ ನೈಋತ್ಯದ ಏರಿಗಳು ಒಡೆದು 1,836 ಮಂದಿ ಮಡಿದರು. ಅವಳ ತಾಯಿ ಆಗ ಚಿಕ್ಕ ಹುಡುಗಿಯಾಗಿ ಅಟ್ಟದ ಮೇಲೆ ಎರಡು ದಿನ ಕಳೆದಿದ್ದಳಂತೆ. ಆಮೇಲೆ ಆ ದೇಶದವರು ನದೀಮುಖಗಳಿಗೆ ಕಟ್ಟಿದ ಮಹಾದ್ವಾರಗಳು ಲೋಕಪ್ರಸಿದ್ಧವಾಗಿವೆ. ಪರದೆಯಿಲ್ಲದ ಕಿಟಕಿ, ಅಂಕೆಯಿಲ್ಲದ ನಗೆ, ಕಿತ್ತಳೆಯ ಹಬ್ಬ, ಇವೆಲ್ಲವೂ ಆ ಏರಿಗಳ ಬೆನ್ನಿಗೆ ಒರಗಿ ಕುಳಿತಿವೆ ಎಂದು ತಿಳಿದಮೇಲೆ, ನಗಲೆಂದು ಬಂದ ಪಥಿಕನ ನಗೆಗೆ ಸ್ವಲ್ಪ ಗೌರವವೂ ಕೂಡಿಕೊಂಡಿತು.

ಮರುದಿನ ಹೊರಡುವಾಗ ಅವಳೇ, "ನೀರಿನಲ್ಲಿ ಇಷ್ಟು ಆಸಕ್ತಿಯಿದ್ದರೆ ಸ್ಖೋಕ್‌ಲಾಂಡ್ ನೋಡಿರಿ" ಎಂದಳು. ಕಾಂಪೆನ್ ಪಟ್ಟಣದವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಬೈಸಿಕಲ್ಲಿನಲ್ಲಿ ಎದುರುಗಾಳಿಯೊಡನೆ ಹೋರಾಡುತ್ತ ಅವನು ಮುಂದುವರಿದನು. ಆ ದೇಶದಲ್ಲಿ ಗಾಳಿ ಯಾವ ದಿಕ್ಕಿನಿಂದ ಬೀಸಿದರೂ ಎದುರಿನಿಂದಲೇ ಬೀಸುತ್ತದೆ. ಇಬ್ಬದಿಯಲ್ಲೂ ಸಮತಟ್ಟಾದ ಹೊಲಗಳು. ಅಲ್ಲಲ್ಲಿ ಕೆಂಪು ಹಳದಿ ಟ್ಯೂಲಿಪ್ಪಿನ ಪಟ್ಟಿಗಳು. ನಡುವೆ ಒಂದೆಡೆ ನೆಲವು ಸ್ವಲ್ಪ ಉಬ್ಬಿ, ಉದ್ದವಾಗಿ, ಮರಗಳಿಂದ ಕೂಡಿ ಕಾಣಿಸಿತು. ಅದೇ ಸ್ಖೋಕ್‌ಲಾಂಡ್. ಒಂದು ಕಾಲಕ್ಕೆ ಸಮುದ್ರದ ನಡುವಿನ ದ್ವೀಪವಾಗಿದ್ದುದು ಈಗ ಹೊಲಗಳ ನಡುವೆ ದ್ವೀಪವಾಗಿ ಕುಳಿತಿದೆ.

ಅಲ್ಲಿ ಬೆಸ್ತರ ಬಡ ಸಂಸಾರಗಳಿದ್ದುವು. ವರ್ಷವರ್ಷವೂ ಸಮುದ್ರವು ದಡವನ್ನು ತಿಂದುಕೊಂಡು ಬಂದಿತು. ಅವರನ್ನು ಕಾಪಾಡುವ ಖರ್ಚು ಮಿತಿಮೀರಿತೆಂದು 1859ರಲ್ಲಿ ಮೂರನೆಯ ವಿಲಿಯಂ ದೊರೆಯು ದ್ವೀಪವನ್ನು ತೆರವು ಮಾಡಿಸಿದನು. ಸುಮಾರು 650 ಮಂದಿ ತಮ್ಮ ಮನೆಗಳನ್ನು ಕಿತ್ತುಹಾಕಿ ಕಾಂಪೆನ್, ಫೋಲೆಂಡಾಮ್ ಮೊದಲಾದ ಊರುಗಳಿಗೆ ಚದುರಿದರು. ಅನಂತರ ಲೇಲಿ ಎಂಬ ಎಂಜಿನಿಯರರ ಯೋಜನೆಯಂತೆ 32 ಕಿಲೋಮೀಟರು ಉದ್ದದ ಏರಿಯೊಂದು 1932ರಲ್ಲಿ ಆ ಒಳಸಮುದ್ರದ ಬಾಯನ್ನು ಮುಚ್ಚಿತು. 1942ರಲ್ಲಿ ಸ್ಖೋಕ್‌ಲಾಂಡಿನ ಸುತ್ತಲಿನ ನೀರನ್ನು ಎತ್ತಿ ಮುಗಿಸಿದರು. ದ್ವೀಪದ ಹಳೆಯ ಬಂದರು ಹುಲ್ಲುಗಾವಲಿನ ಅಂಚಿನಲ್ಲಿದೆ. ದೋಣಿ ಕಟ್ಟುವ ಗೂಟಗಳಿವೆ, ದೋಣಿಯಿಲ್ಲ, ನೀರಿಲ್ಲ. 1834ರ ಚಿಕ್ಕ ಇಗರ್ಜಿಯೊಂದು ದಿಬ್ಬದ ಮೇಲೆ ನಿಂತಿದೆ. 1995ರಲ್ಲಿ ಈ ಸ್ಥಳವು ವಿಶ್ವದ ಪರಂಪರಾಸ್ಥಾನಗಳ ಪಟ್ಟಿಗೆ ಸೇರಿತು.

ಪಥಿಕನು ಬಂದರಿನ ದಂಡೆಯ ಮೇಲೆ ಕುಳಿತನು. ಅವನ ಅಜ್ಜಿ ಮದುವೆಯಾಗಿ ಬಂದ ಮನೆಯು ಶರಾವತಿಯ ದಂಡೆಯ ಮೇಲಿನ ಒಂದು ಕೇರಿಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ತಿಯಾಯಿತು. ನಾಡಿಗೆ ದೀಪ ಬಂದಿತು. ಆ ಕೇರಿಗೆ ನೀರು ಬಂದಿತು. ಬಾಗಿಲು, ಕಂಬ, ಹೆಂಚುಗಳನ್ನು ಬಿಚ್ಚಿ ಗಾಡಿಗೆ ಹೇರಿಕೊಂಡು ಅವರು ಹೊರಟರು. ಹೊರಟವರಲ್ಲಿ ಅನೇಕರ ಹಕ್ಕುಪತ್ರದ ತೊಡಕು ತಲೆಮಾರುಗಳವರೆಗೆ ಬಗೆಹರಿಯಲಿಲ್ಲ. ಮುಳುಗದೆ ಉಳಿದ ಆಚೆಯ ತುಮರಿಯ ಸೀಮೆ ಮೂರು ಕಡೆ ನೀರು ಸುತ್ತಿ ದ್ವೀಪದಂತಾಯಿತು. ದೋಣಿಯನ್ನು ಕಾದು ಕಾದು ಅಲ್ಲಿಯವರು ಆರು ದಶಕ ಕಳೆದ ಮೇಲೆ, ಪಥಿಕನು ಹಿಂದಿರುಗಿದ ಬಳಿಕ 2025ರ ಜುಲೈಯಲ್ಲಿ, ಸೇತುವೆ ತೆರೆಯಿತು. ಇಲ್ಲಿ ದ್ವೀಪವು ನೆಲವಾಯಿತು, ಅಲ್ಲಿ ನೆಲವು ದ್ವೀಪವಾಯಿತು. ಬೇಸಗೆಯಲ್ಲಿ ನೀರು ಇಳಿದಾಗ ಹಿರೇಭಾಸ್ಕರದ ಹಳೆಯ ಕಟ್ಟೆ ತಲೆಯೆತ್ತುತ್ತದೆ. ತನ್ನ ಮನೆಯ ಜಗಲಿಯೂ ಒಂದು ವರ್ಷ ಹಾಗೆ ಎದ್ದೀತೆಂದು ಅಜ್ಜಿಗೆ ಆಸೆ. ಆದರೆ ಆ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಅಪರೂಪ. ಮೊಮ್ಮಗನೂ ಕೇಳಿದವನಲ್ಲ.

ಅವನು ದೂರವಾಣಿಯನ್ನು ತೆಗೆದು ಮನೆಗೆ ಕರೆದನು. ಸಾಗರದಲ್ಲಿ ಆಗ ಸಂಜೆ ಐದೂವರೆ. ಅಜ್ಜಿಯ ಮುಖ ಪುಟ್ಟ ಗಾಜಿನಲ್ಲಿ ಮೂಡಿತು. ಉಪ್ಪಿನಕಾಯಿ ಇದೆಯೇ ಎಂಬುದು ಮೊದಲನೆಯ ಪ್ರಶ್ನೆ. ಅನಂತರ ಅವನು ಬಂದರನ್ನೂ ಗೂಟಗಳನ್ನೂ ಹೊಲಗಳನ್ನೂ ತೋರಿಸಿ ಕಥೆಯನ್ನೆಲ್ಲ ಹೇಳಿದನು. ಅಜ್ಜಿ ಬಹಳ ಹೊತ್ತು ನೋಡಿದಳು.

"ಅಪ್ಪೀ, ನೀರು ಹೋದಮೇಲೆ ಆ ಊರಿನವರು ತಿರುಗಿ ಬಂದರೋ?"

ಅವನು ವಸ್ತುಸಂಗ್ರಹದಲ್ಲಿ ಓದಿದ್ದುದನ್ನು ಹೇಳಿದನು. ಅವರು ಹೊರಟ ಮೇಲೆ ನೀರು ಹೋಗುವಷ್ಟರಲ್ಲಿ 83 ವರ್ಷ ಕಳೆದಿದ್ದುವು. ಹೊಸ ಹೊಲಗಳಿಗೆ ಸರಕಾರವು ದೇಶದ ನಾನಾ ಕಡೆಯ ರೈತರನ್ನು ಪರೀಕ್ಷಿಸಿ ಆರಿಸಿ ತಂದಿತು. ಹಳಬರ ಮೊಮ್ಮಕ್ಕಳು ಹೋದ ಹೋದ ಊರುಗಳಲ್ಲಿಯೇ ಉಳಿದರು. ಆದರೆ ಅವರ ವಂಶದವರು ಇಂದಿಗೂ ಒಂದು ಸಂಘ ಕಟ್ಟಿಕೊಂಡಿದ್ದಾರೆ. ಯಾವ ಮನೆಯವರು ಎಲ್ಲಿಗೆ ಹೋದರೆಂದು ಬರೆದಿಟ್ಟಿದ್ದಾರೆ.

"ಬರದ್ದು ಹೋಗಲಿ, ಬರೆದಾದರೂ ಇಟ್ಟುಕೊಂಡರಲ್ಲ" ಎಂದಳು ಅಜ್ಜಿ. ಸ್ವಲ್ಪ ತಡೆದು, "ನಮ್ಮ ಕೇರಿಯಲ್ಲಿ ಹನ್ನೊಂದು ಮನೆ ಇತ್ತು. ಯಾವುದು ಎಲ್ಲಿ ಅಂತ ಹೇಳುವವಳು ಈಗ ನಾನೊಬ್ಬಳೇ" ಎಂದಳು.

ಗಾಳಿ ಜೋರಾಗಿ ಬೀಸುತ್ತಿತ್ತು. ಪಥಿಕನು ಚೀಲದಿಂದ ಖರ್ಚಿನ ಪುಸ್ತಕವನ್ನು ತೆಗೆದು, ಹಿಂದಿನಿಂದ ತಿರುವಿ, ಖಾಲಿ ಪುಟವೊಂದನ್ನು ಮೊಣಕಾಲಿನ ಮೇಲೆ ಒತ್ತಿ ಹಿಡಿದನು. "ಹೇಳು ಅಜ್ಜಿ, ಹೊಳೆಯ ಕಡೆಯಿಂದ ಮೊದಲನೆಯ ಮನೆ ಯಾರದು?" ಎಂದು ಕೇಳಿದನು. ಅಜ್ಜಿ ಹೇಳತೊಡಗಿದಳು. ಮನೆಯ ಹೆಸರು, ಯಜಮಾನನ ಹೆಸರು, ಬಾವಿ ಇದ್ದ ದಿಕ್ಕು, ತೋಟದ ದಾರಿ, ಅಂಗಳದ ಹಲಸಿನ ಮರ. ಇತ್ತ ಸೂರ್ಯನು ಇಳಿಯುತ್ತ ಬಂದನು. ಅತ್ತ ಸಾಗರದಲ್ಲಿ ದೀಪ ಹಚ್ಚಿದರು. ಆರನೆಯ ಮನೆಗೆ ಬರುವಷ್ಟರಲ್ಲಿ ದೂರವಾಣಿಯ ಶಕ್ತಿ ಮುಗಿಯಿತು. ಉಳಿದ ಐದು ಮನೆಗಳನ್ನು ಅವನು ಊರಿಗೆ ಹಿಂದಿರುಗಿದ ಮೇಲೆ ಬರೆದುಕೊಂಡನು.

ಆ ಪುಸ್ತಕವು ಈಗ ಅಜ್ಜಿಯ ಬಳಿಯಲ್ಲಿದೆ. ಮುಂದಿನ ಪುಟಗಳಲ್ಲಿ ಕರಿದ ಆಲೂಗೆಡ್ಡೆ, ಬೈಸಿಕಲ್ಲಿನ ಬಾಡಿಗೆ, ಕಿವಿಹರಿದ ಮೊಲ. ಹಿಂದಿನ ಪುಟಗಳಲ್ಲಿ ಹನ್ನೊಂದು ಮನೆಗಳು. ಅವಳು ಅದನ್ನು ಹಿಂದಿನಿಂದಲೇ ಓದಿಸುತ್ತಾಳೆ. ಮೊದಲನೆಯ ಸಲ ಓದಿಸಿದಾಗ ಒಂದು ತಪ್ಪು ಸಿಕ್ಕಿತು. ನಾಲ್ಕನೆಯ ಮನೆಯ ಬಾವಿ ಉತ್ತರಕ್ಕಿತ್ತು. ಗಾಳಿಯ ಗದ್ದಲದಲ್ಲಿ ಅವನು ದಕ್ಷಿಣವೆಂದು ಬರೆದಿದ್ದನು. ಅಜ್ಜಿ ಎದುರಿಗೆ ಕುಳಿತು ಅದನ್ನು ಹೊಡೆದುಹಾಕಿಸಿ ಸರಿಯಾಗಿ ಬರೆಸಿದಳು.